ಒಂದಕ್ಷರ ಬಿಡದ ಫ್ಲೆಕ್ಸು

ಹೊಟ್ಟೆಕಿಚ್ಚಿನ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಹೆಂಗಸರ ರವಿಕೆ ಹೊಲಿಯುವವಳು. ಒಬ್ಬಳ ಬೆನ್ನ ಮೇಲೆ ಬಂದ ಡಿಸೈನು ಇನ್ನೊಬ್ಬಳ ನಿದ್ದೆ ಕೆಡಿಸುವುದನ್ನು ದಿನಾ ನೋಡುತ್ತೇನೆ. ಅಕ್ಕನ ಮದುವೆಗೆ ತಂಗಿ ಬರಲಿ, ತಂಗಿಯ ಸೀಮಂತಕ್ಕೆ ನಾದಿನಿ ಬರಲಿ, ಅಳತೆ ಕೊಡುವಾಗ ಪಿಸುಗುಟ್ಟುವುದು ಒಂದೇ ಮಾತು: "ಅವ್ಳದುಕ್ಕಿಂತ ವಸಿ ಚೆನ್ನಾಗಿರ್ಲಿ ಕಣಕ್ಕ." ಆದರೆ ಹೆಂಗಸರ ಹೊಟ್ಟೆಕಿಚ್ಚು ಬಾಯಿಗೆ ಬಂದು ಕರಗಿಹೋಗುತ್ತದೆ. ಗಂಡಸರು ಅದಕ್ಕೆ ಮರ್ಯಾದೆ ಪ್ರಶ್ನೆ ಎಂದು ಹೆಸರಿಟ್ಟು ಒಳಗೇ ಸಾಕುತ್ತಾರೆ. ಹಾಗೆ ಸಾಕಿದವರಲ್ಲಿ ನಾನು ತೀರಾ ಹತ್ತಿರದಿಂದ ಕಂಡವನು ಮಹದೇವು.

ಮಹದೇವು ನಮ್ಮ ಭಾರತೀನಗರದ ಫ್ಲೆಕ್ಸ್ ಅಂಗಡಿಯ ಡಿಸೈನರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ ಸ್ಟ್ಯಾಂಡು ದಾಟಿದ ಮೇಲೆ ಅವರ ಅಂಗಡಿ, ಅದಕ್ಕೆ ಅಂಟಿಕೊಂಡು ನನ್ನದು. ಮಧ್ಯೆ ಒಂದು ಪ್ಲೈವುಡ್ ಗೋಡೆ. ಅವರ ಮಿಷನ್ನಿನ ಸದ್ದು ನನಗೆ, ನನ್ನ ಮಿಷನ್ನಿನ ಸದ್ದು ಅವರಿಗೆ. ಮಾತುಗಳಂತೂ ಎರಡೂ ಕಡೆಗೆ ಧಾರಾಳವಾಗಿ ಕೇಳಿಸುತ್ತವೆ. ಮಾಲೀಕರು ಮಂಡ್ಯದಲ್ಲಿರುತ್ತಾರೆ. ಇಲ್ಲಿ ಕಂಪ್ಯೂಟರಿಗೆ ಮಹದೇವು, ಪ್ರಿಂಟಿಂಗ್ ಮಿಷನ್ನಿಗೆ ಮುಕರ್ರಂ, ಇಬ್ಬರೇ.

ಕೆಲಸದಲ್ಲಿ ಅವನಿಗೆ ಹೆಸರಿಡುವ ಹಾಗಿಲ್ಲ. ಹುಟ್ಟುಹಬ್ಬದ ಫ್ಲೆಕ್ಸಿಗೆ ಬರುವ ಮರಿ ಲೀಡರುಗಳ ಮೊಡವೆ ಅಳಿಸಿ, ಹಲ್ಲು ಬೆಳ್ಳಗೆ ಮಾಡಿ, ಕಪ್ಪು ಕನ್ನಡಕ ಹಾಕಿ ಕಳಿಸುತ್ತಾನೆ. ಬನಿಯನ್ನಿನಲ್ಲಿ ತೆಗೆಸಿದ ಒಂದೇ ಒಂದು ಫೋಟೊ ಬಿಟ್ಟುಹೋದ ಮುದುಕರಿಗೆ ಕೋಟು ತೊಡಿಸಿ ಶ್ರದ್ಧಾಂಜಲಿ ಮಾಡಿಕೊಡುತ್ತಾನೆ. ಬದುಕಿದ್ದಾಗ ಅಂಗಿಗುಂಡಿ ಸರಿಯಾಗಿ ಹಾಕಿಕೊಳ್ಳದವರು ಸತ್ತ ಮೇಲೆ ತಹಸೀಲ್ದಾರರ ಹಾಗೆ ಕಾಣುತ್ತಾರೆ. ಇಸ್ತ್ರಿ ಅಂಗಿ ತೊಟ್ಟು ಫ್ಯಾನಿನ ಕೆಳಗೆ ಕೂತು ಇಷ್ಟೆಲ್ಲ ಮಾಡುವ ಅವನಿಗೆ ತಾನು ಕಲಾವಿದನೆಂಬ ಜಂಬ ಸ್ವಲ್ಪ ಇತ್ತು. ಇರಲಿ, ಇದ್ದರೆ ಯಾರಿಗೇನು ನಷ್ಟ.

ಈಚೆಗೆ ಜನಕ್ಕೆ ಹೊಸ ಹುಚ್ಚು ಹಿಡಿಯಿತು. ಪೇಪರಿಗಿಂತ ಮೊಬೈಲಿನಲ್ಲಿ ಹೆಸರು ಬರುವುದೇ ದೊಡ್ಡದಾಯಿತು. ಯಾವುದಾದರೂ ವೆಬ್‌ಸೈಟಿನಲ್ಲಿ ಮಗಳ ಬಹುಮಾನದ ಸುದ್ದಿಯೋ ತಮ್ಮನ ಸನ್ಮಾನದ ಸುದ್ದಿಯೋ ಬಂದರೆ ಸಾಕು, ಆ ಪುಟವನ್ನೇ ಇದ್ದ ಹಾಗೆ ಫ್ಲೆಕ್ಸು ಮಾಡಿಕೊಡು ಎಂದು ಬರತೊಡಗಿದರು. ಅದು ಹೇಳಿದಷ್ಟು ಸುಲಭವಲ್ಲ. ಪುಟ ಇರುವುದು ಇಷ್ಟುದ್ದ, ಪರದೆಯಲ್ಲಿ ಕಾಣುವುದು ಗೇಣುದ್ದ. ಮಹದೇವು ಒಂದೊಂದೇ ತುಂಡು ಸ್ಕ್ರೀನ್‌ಶಾಟ್ ತೆಗೆದು, ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುತ್ತಿದ್ದ. ಪ್ರತಿ ತುಂಡಿನ ತಲೆಯ ಮೇಲೂ ವೆಬ್‌ಸೈಟಿನ ಹೆಸರಿನ ಪಟ್ಟಿ ಕೂತುಕೊಂಡು ಬರುತ್ತಿತ್ತು. ಒಂದು ಸಲ ಕಾಲೇಜು ಹುಡುಗಿಯೊಬ್ಬಳ ಮುಖ ಎರಡು ತುಂಡಿಗೆ ಹಂಚಿಹೋಗಿ, ಜೋಡಿಸಿದಾಗ ಅವಳಿಗೆ ಎರಡು ಗದ್ದ ಬಂತು. ಅವರಪ್ಪ ಅಂಗಡಿಯ ಮುಂದೆ ನಿಂತು ಕಿರುಚಾಡಿದ್ದು ಸಕ್ಕರೆ ಕಾರ್ಖಾನೆ ಗೇಟಿನವರೆಗೂ ಕೇಳಿರಬೇಕು.

ಆಮೇಲೆ ಅವನು ಎಲ್ಲಿಂದಲೋ ಒಂದು ಸಾಫ್ಟ್‌ವೇರು ಹುಡುಕಿದ. ಪುಟ ತೆರೆದು ಮೂಲೆಯ ಬಟನ್ ಒತ್ತಿದರೆ ಸಾಕು. ಬಟ್ಟೆಯ ಸುರುಳಿ ಬಿಚ್ಚಿದ ಹಾಗೆ ಪುಟ ತಾನೇ ಸರಸರ ಕೆಳಗಿಳಿದು, ತಳ ಮುಟ್ಟಿ ನಿಲ್ಲುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಇಡೀ ಪುಟ ಒಂದೇ ಚಿತ್ರವಾಗಿ ಬಂದಿರುತ್ತಿತ್ತು. ಮೊದಲ ದಿನ ನನ್ನನ್ನು ಕೂಗಿ ಕರೆದು ತೋರಿಸಿದ.

"ನೋಡು ವೀಣಕ್ಕ, ಜೋಡ್ಣೆ ಎಲ್ಲದೆ ಯೋಳು ನೋಡವ!"

ಕಣ್ಣು ಚೂಪು ಮಾಡಿ ನೋಡಿದೆ. ಎಲ್ಲೂ ಹೊಲಿಗೆ ಕಾಣಲಿಲ್ಲ. ನಿಜ ಹೇಳುತ್ತೇನೆ, ನನಗೂ ಒಂದು ಕ್ಷಣ ಹೊಟ್ಟೆ ಉರಿಯಿತು. ನಾನು ಮೂವತ್ತು ವರ್ಷ ಹೊಲಿದರೂ ನನ್ನ ಜೋಡಣೆ ಕಾಣುತ್ತದೆ.

ಆ ಸಾಫ್ಟ್‌ವೇರಿಗೆ ಒಂದು ಗುಣವಿತ್ತು. ಅದು ಇದ್ದದ್ದನ್ನೆಲ್ಲ ಹಿಡಿಯುತ್ತಿತ್ತು. ಸುದ್ದಿಯ ಪಕ್ಕದ ಕೂದಲೆಣ್ಣೆ ಜಾಹೀರಾತು, ಕೆಳಗಿನ ಬೇರೆ ಸುದ್ದಿಗಳು, ಅದಕ್ಕೂ ಕೆಳಗೆ ಓದಿದವರು ಅನಿಸಿಕೆ ಬರೆಯುವ ಜಾಗ, ಎಲ್ಲ ಸೇರಿ ಬರುತ್ತಿತ್ತು. ಹಾಗಾಗಿ ಪ್ರಿಂಟಿಗೆ ಕೊಡುವ ಮೊದಲು ಮಹದೇವು ಕೂತು ಬೇಡದ್ದನ್ನೆಲ್ಲ ತೆಗೆಯುತ್ತಿದ್ದ. ಅದಕ್ಕೆ ಅವನು ಬಾಲ ಕತ್ತರಿಸುವುದು ಎನ್ನುತ್ತಿದ್ದ. ಬಾಲ ಕತ್ತರಿಸದ ಒಂದು ಫ್ಲೆಕ್ಸೂ ಅವನ ಕೈಯಿಂದ ಆಚೆ ಹೋದದ್ದಿಲ್ಲ, ಆ ಒಂದು ಬಿಟ್ಟು.

ಈಗ ಅವನ ಹೊಟ್ಟೆಯ ವಿಚಾರಕ್ಕೆ ಬರುತ್ತೇನೆ.

ಮಹದೇವುವಿನ ಹೆಂಡತಿ ಶೋಭಿತಾ. ಚಿಕ್ಕರಸಿನಕೆರೆ ಹತ್ತಿರದ ಹಳ್ಳಿಯ ದೊಡ್ಡಸಿದ್ದಯ್ಯನವರ ಹಿರಿಮಗಳು. ದೊಡ್ಡಸಿದ್ದಯ್ಯನವರಿಗೆ ಮೂರೂ ಹೆಣ್ಣು. ಗದ್ದೆ, ಕಬ್ಬು, ಹಟ್ಟಿ ತುಂಬ ದನ ಎಲ್ಲ ಇದ್ದರೂ ಗಂಡು ಸಂತಾನವಿಲ್ಲ ಎಂಬ ಕೊರಗು ಅವರದು. ಮೊದಲ ಅಳಿಯನಾಗಿ ಹೋದ ಮಹದೇವು, ಆ ಮನೆಯಲ್ಲಿ ಮಗನ ಜಾಗ ಖಾಲಿ ಇದೆ, ಅದು ನನಗೇ ಎಂದುಕೊಂಡ. ಅವನ ಸ್ವಂತ ಅಪ್ಪ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಅದಕ್ಕೇ ಇರಬೇಕು, ಆ ಜಾಗದ ಮೇಲೆ ಅವನಿಗೆ ಅಷ್ಟು ಆಸೆ.

ಆಮೇಲೆ ಎರಡನೆಯ ಮಗಳು ವನಜಾಳನ್ನು ಬಂಡೂರಿನ ಸ್ವಾಮಿಗೆ ಕೊಟ್ಟರು. ಅಲ್ಲಿಂದ ಶುರುವಾಯಿತು ಷಡ್ಡಕರ ಕಥೆ. ಸ್ವಾಮಿ ಸಾಕುವುದು ಬಂಡೂರು ಕುರಿ. ಗಿಡ್ಡ ಕಾಲು, ಡ್ರಮ್ಮಿನಂಥ ಮೈ, ತಿಂದವರು ಮರೆಯದ ರುಚಿ. ಅವನು ಮಾವನ ಮನೆಗೆ ಬಂದರೆ ಹೆಗಲ ಮೇಲೊಂದು ಮರಿ ಇರುತ್ತಿತ್ತು, ಮೈಯೆಲ್ಲ ಕುರಿ ವಾಸನೆ ಇರುತ್ತಿತ್ತು. ಮುಂಬಾಗಿಲಿಗೆ ಬರದೆ ಹಿತ್ತಲಿಂದ ನುಗ್ಗಿ, ಮಡಕೆಗೆ ಕೈ ಹಾಕಿ ಮುದ್ದೆ ಇದೆಯೇ ಎಂದು ನೋಡುತ್ತಿದ್ದ. ಮಾವ ಅವನನ್ನು ಬೈಯುತ್ತಿದ್ದರು. "ಲೇ ಸ್ವಾಮಿ, ಎಲ್ ಸತ್ತೋಗಿದ್ಲಾ ಇಷ್ಟೊತ್ಗಂಟ? ಬಾರ್ಲಾ ಇಲ್ಲಿ, ಈ ಮೂಟೆ ಇಡ್ಕೊ." ಅದೇ ಮಹದೇವು ಹೋದರೆ ಕುರ್ಚಿ ಬರುತ್ತಿತ್ತು, ಚೊಂಬಿನಲ್ಲಿ ನೀರು ಬರುತ್ತಿತ್ತು. "ಬನ್ನಿ ಮಾದೇವಪ್ನೋರೆ, ಕೂತ್ಕಳಿ." ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೈಸಿಕೊಳ್ಳುವವನು ಮನೆಯವನು, ಕುರ್ಚಿ ಹಾಕಿಸಿಕೊಳ್ಳುವವನು ನೆಂಟ.

"ಮದ್ವೆ ಆಗಿ ಇಷ್ಟ್ ವರ್ಸ ಆಯ್ತು, ನಂಗೆ ಒಂದ್ ದಪನೂ ಲೇ ಅಂದಿಲ್ಲ ಕಣಕ್ಕ" ಎಂದು ಒಮ್ಮೆ ಹೇಳಿಕೊಂಡ.

ನಾನು ನಕ್ಕೆ. ಅವನು ನಗಲಿಲ್ಲ. ಕಣ್ಣು ಕೆಂಪಾಗಿತ್ತು.

ಅಲ್ಲಿಂದ ಅವನ ದಿನ ಸ್ವಾಮಿಯಿಂದಲೇ ಬೆಳಗಾಗುತ್ತಿತ್ತು. ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚುವ ಮೊದಲು ಸ್ವಾಮಿ ಸ್ಟೇಟಸ್ಸಿನಲ್ಲಿ ಏನು ಹಾಕಿದ್ದಾನೆ ಎಂದು ನೋಡುತ್ತಿದ್ದ. ಅವನು ಟಗರಿನ ಫೋಟೊ ಹಾಕಿದ್ದರೆ ಇವನು ಆ ದಿನ ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಸ್ವಾಮಿ ಹೊಸ ಬೈಕು ತಗೊಂಡಾಗ ಮೈಲೇಜು ಕೊಡದ ಗಾಡಿ ಎಂದ. ಸ್ವಾಮಿಗೆ ಕಾಲು ಉಳುಕಿದಾಗ ಬಾಳೆಹಣ್ಣು ತಗೊಂಡು ಬಂಡೂರಿಗೆ ಹೋಗಿ ನೋಡಿಕೊಂಡು ಬಂದ. ಬಂದವನ ಮುಖ ಹಬ್ಬದ ಹಾಗಿತ್ತು. ಯುಗಾದಿಯ ಮಾರನೆಯ ದಿನದ ವರ್ಷತೊಡಕಿಗೆ ಸ್ವಾಮಿ ತಪ್ಪದೆ ಷಡ್ಡಕನ ಮನೆಗೆ ಒಳ್ಳೊಳ್ಳೆಯ ತುಂಡು ಕಳಿಸುತ್ತಿದ್ದ. ಕೊಬ್ಬು ಜಾಸ್ತಿ ಎಂದು ಮೂಗು ಮುರಿಯುತ್ತಲೇ ಮಹದೇವು ಮೂರು ಸಲ ಬಡಿಸಿಕೊಳ್ಳುತ್ತಿದ್ದ. ಇದು ನನಗೆ ಹೇಗೆ ಗೊತ್ತು ಎಂದರೆ ಶೋಭಿತಾ ನನಗೂ ಒಂದು ಡಬ್ಬಿ ತಂದುಕೊಡುತ್ತಿದ್ದಳು.

ಶೋಭಿತಾ ವಾರ ವಾರ ಬಸ್ಸು ಹತ್ತಿ ತವರಿಗೆ ಹೋಗಿ ಬರುವಳು. ಹೋಗುವಾಗ ನನ್ನ ಅಂಗಡಿಯ ಮುಂದೆ ನಿಂತು, "ಅಪ್ಪುಂಗೆ ಮಾತ್ರೆ ಮುಗ್ದದೆ ಕಣಕ್ಕ, ಓಗ್ ಬತ್ತೀನಿ" ಎಂದೋ, "ಅಮ್ಮುನ್ನ ಡಾಕ್ಟ್ರತ್ರ ತೋರುಸ್ಬೇಕು" ಎಂದೋ ಹೇಳುವಳು. ಅವಳಿಗೆ ಆ ಕೆಲಸವೆಲ್ಲ ಉಸಿರಾಡಿದಷ್ಟು ಸಹಜವೆಂದು ನಾನೂ ತಿಳಿದಿದ್ದೆ.

ಮೂರನೆಯ ಮಗಳು ಚಂದನಳ ಮದುವೆ ಮದ್ದೂರಿನ ಕಡೆಗೆ ಗೊತ್ತಾಯಿತು. ಮದುವೆ ಎಂದರೆ ನಮ್ಮಲ್ಲಿ ತಾಳಿ ಒಂದು ತೂಕ, ಅದಾದ ಮೇಲಿನ ಬೀಗರೂಟ ಇನ್ನೊಂದು ತೂಕ. ಬೀಗರೂಟದ ದಿನ ಬಾಗಿಲಲ್ಲಿ ಅಪ್ಪನ ಬಲಗಡೆ ಮಗ ನಿಂತು ಬೀಗರನ್ನು ಬರಮಾಡಿಕೊಳ್ಳಬೇಕು. ಇವರಿಗೆ ಮಗನಿಲ್ಲವಲ್ಲ, ಅಲ್ಲಿ ಯಾರು ನಿಲ್ಲುವುದು? ಮಹದೇವು ಯಾರನ್ನೂ ಕೇಳದೆ ಜರಿ ಅಂಚಿನ ಪಂಚೆ ತಂದಿಟ್ಟುಕೊಂಡ. ಶರ್ಟು ಹೊಲಿಸುವುದಕ್ಕೆ ಒಳ್ಳೆಯ ಟೈಲರ್ ಯಾರು ಎಂದು ನನ್ನನ್ನು ಕೇಳಿದ. ಅವನ ಆಸೆ ಅಷ್ಟೇ. ಊರವರ ಕಣ್ಣೆದುರು ಒಂದು ದಿನ, ಮಾವನ ಪಕ್ಕ, ಮಗನಾಗಿ ನಿಲ್ಲಬೇಕು.

ಆ ವಾರದಲ್ಲೇ ಮಂಡ್ಯದ ಒಂದು ವೆಬ್‌ಸೈಟಿನಲ್ಲಿ ಲೇಖನ ಬಂತು. "ಬಂಡೂರು ಕುರಿಗೆ ಬದುಕು ಮುಡಿಪಿಟ್ಟ ಸ್ವಾಮಿ." ನನ್ನ ಅಂಗಡಿಯ ಬೋರ್ಡಿಗೆ ಹೊಸ ಫ್ಲೆಕ್ಸು ಮಾಡಿಸಲು ನಾನು ಆ ಮಧ್ಯಾಹ್ನ ಅವನ ಪಕ್ಕದಲ್ಲೇ ಕೂತಿದ್ದೆ. ಶೋಭಿತಾ ಫೋನಿಗೆ ಕಳಿಸಿದ್ದ ಲಿಂಕನ್ನು ಅವನು ಕಂಪ್ಯೂಟರಿನಲ್ಲಿ ತೆರೆದ. ಮೇಲೆಯೇ ದೊಡ್ಡ ಫೋಟೊ. ಈ ಕಡೆ ದೊಡ್ಡಸಿದ್ದಯ್ಯ, ಆ ಕಡೆ ಸ್ವಾಮಿ, ಮಧ್ಯೆ ಟಗರು. ಮೂವರೂ ಕ್ಯಾಮೆರಾವನ್ನೇ ನೋಡುತ್ತಿದ್ದರು. ಸ್ವಾಮಿಯ ಕುರಿಗಳು, ಅವನು ಹಾಕುವ ಮೇವು, ತಳಿ ಕೆಡದ ಹಾಗೆ ನೋಡಿಕೊಳ್ಳುವ ರೀತಿ ಎಲ್ಲ ವಿವರವಾಗಿ ಬರೆದಿದ್ದರು. ಕೊನೆಯ ಕಡೆ ಮಾವನ ಮಾತು ಹಾಕಿದ್ದರು. ಅದನ್ನು ಮಹದೇವು ಗಟ್ಟಿಯಾಗಿ ಓದಿದ.

"ನನಗೆ ಗಂಡುಮಕ್ಕಳಿಲ್ಲ ಎಂಬ ಕೊರಗು ಸ್ವಾಮಿ ಬಂದ ಮೇಲೆ ಹೋಯಿತು. ಇವನೇ ನನ್ನ ಮಗ."

ಓದಿ ನನ್ನ ಕಡೆ ತಿರುಗಿದ. "ಇದ್ರರ್ತ ಏನಕ್ಕ?"

"ಅರ್ತ ಏನ್ ಬಂತು? ಏನೋ ಪ್ರೀತಿಗೆ ಅಂದವ್ರೆ ಬುಡು."

"ಅವ್ನು ಬಂದ್ಮೇಕೆ ಕೊರಗು ಓಯ್ತು ಅಂದ್ರೆ, ಅವ್ನು ಬರಗಂಟ ಇತ್ತು ಅಂತಾಯ್ತು. ಅವ್ನ್ಗಿಂತ ಮುಂಚ್ಲೇ ನಾನ್ ಬಂದಿದ್ನಲ್ಲ?"

ಅವನ ಲೆಕ್ಕ ಸರಿಯಾಗಿಯೇ ಇತ್ತು. ಗಿರಾಕಿ ಬಂದರೆಂದು ನಾನು ಎದ್ದು ನನ್ನ ಅಂಗಡಿಗೆ ಬಂದೆ. ಪ್ಲೈವುಡ್ಡಿನ ಆಚೆಯಿಂದ ಕೀಬೋರ್ಡು ಕುಟ್ಟುವ ಸದ್ದು ಕೇಳುತ್ತಲೇ ಇತ್ತು. ಮೆಣಸಿನಕಾಯಿ ಕುಟ್ಟುವಾಗ ಬರುತ್ತದಲ್ಲ, ಅಂಥ ಸದ್ದು. ಲೇಖನದ ಕೆಳಗೆ, ಬರೆಯುವವರ ಹೆಸರು, ಪುಟ್ಟ ಫೋಟೊ ತಾನಾಗಿಯೇ ಬಂದು ಕೂರುವ ಅನಿಸಿಕೆಯ ಡಬ್ಬಿಯಲ್ಲಿ ಅವನು ತನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಬರೆಯುತ್ತಿದ್ದ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲಿ ದೊಡ್ಡಸಿದ್ದಯ್ಯನವರ ದನಿ.

"ಮಾದೇವಪ್ನೋರೆ, ನಮ್ ಸ್ವಾಮಿದು ಅದೇನೋ ಮೊಬೈಲ್‌ನಲ್ಲಿ ಬಂದದಂತಲ್ಲ! ಅದ್ನ ನೀವು ಉದ್ದುಕ್ಕೆ ಫ್ಲೆಕ್ಸ್ ಮಾಡ್ತೀರಂತಲ್ಲ, ಅಂಗೆ ಒಂದು ಮಾಡಿ. ಬೀಗ್ರೂಟುಕ್ಕೆ ಛತ್ರದ್ ಮುಂದೆ ಕಟ್ಟವ. ಮದ್ದೂರ್ನೋರು ನೋಡ್ಬೇಕು, ನಮ್ಮನೇಲಿ ಎಂತೋನ್ ಅವ್ನೆ ಅಂತ. ಮೇಲಿಂದ ಕೆಳೀಕೆ, ಒಂದಕ್ಸರ ಬುಡ್ಬೇಡಿ."

"ಆಯ್ತು ಮಾವ" ಎಂದ ಮಹದೇವು. ಬತ್ತಿಹೋದ ಆ ದನಿ ಕೇಳಿ ನಾನು ಹೊಲಿಗೆ ನಿಲ್ಲಿಸಿ ಎದ್ದು ಅವನ ಅಂಗಡಿಗೆ ಹೋದೆ.

ಅವನು ಫೋನಿಟ್ಟು, ಪುಟವನ್ನು ಮೇಲಕ್ಕೆಳೆದು, ಮೂಲೆಯ ಬಟನ್ ಒತ್ತಿದ. ಪುಟ ತಾನೇ ಇಳಿಯತೊಡಗಿತು. ಅವನು ಅದನ್ನು ನೋಡಲೂ ಇಲ್ಲ. ಮುಖ ತಿರುಗಿಸಿ ರಸ್ತೆಯ ಮೇಲೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ನೋಡುತ್ತ ಕೂತ. ಚಿತ್ರ ತಯಾರಾದ ಮೇಲೆ ಒಂದು ಸಲ ಮೇಲಿನ ಭಾಗ ತೆರೆದ. ಸ್ವಾಮಿಯ ಫೋಟೊದ ಸರಿ ಕೆಳಗೆ ಮೂಲವ್ಯಾಧಿ ಔಷಧದ ಜಾಹೀರಾತು ಇತ್ತು. "ಕೂರಲು ಕಷ್ಟವೇ? ಇಂದೇ ಕರೆ ಮಾಡಿ." ಅದನ್ನು ಕಂಡು ಮಹದೇವುವಿನ ಮುಖದಲ್ಲಿ ಬೆಳಕು ಬಂತು.

"ಇದ್ನ ತೆಗ್ದಾಕಲ್ವ?" ಎಂದೆ.

"ಒಂದಕ್ಸರ ಬುಡ್ಬೇಡಿ ಅಂದವ್ರೆ ಕಣಕ್ಕ ನಮ್ ಮಾವ. ನಾನ್ಯಾಕ್ ಬುಡ್ಲಿ?"

ಬಾಲ ಕತ್ತರಿಸದೆ, ಕೆಳಗಿನ ಭಾಗ ತೆರೆದೂ ನೋಡದೆ, ಫೈಲನ್ನು ಹಾಗೇ ಮುಕರ್ರಂಗೆ ಕಳಿಸಿದ. ಬೀಗರ ಮುಂದೆ ಸ್ವಾಮಿ ಮೂಲವ್ಯಾಧಿಯ ಜೊತೆ ನೇತಾಡುವುದನ್ನು ನೆನೆದು ಅವನಿಗೆ ಸ್ವರ್ಗ ಮೂರೇ ಗೇಣು. ಆ ಖುಷಿಯಲ್ಲಿ ತಾನು ಬರೆಯುತ್ತಿದ್ದ ಡಬ್ಬಿ ಮರೆತೇಹೋಗಿತ್ತು. ಒಂದು ವೇಳೆ ನೆನಪಿದ್ದರೂ, ಕಳಿಸದೆ ಬಿಟ್ಟ ಬರಹ ಎಲ್ಲಿಗೂ ಹೋಗುವುದಿಲ್ಲ ಎಂದೇ ಅಂದುಕೊಳ್ಳುತ್ತಿದ್ದನೇನೋ. ಸಾಫ್ಟ್‌ವೇರಿಗೆ ಕಳಿಸಿದ್ದು ಯಾವುದು, ಕಳಿಸದ್ದು ಯಾವುದು ಎಂಬ ಭೇದವಿಲ್ಲ. ಪರದೆಯ ಮೇಲಿದ್ದರೆ ಆಯಿತು.

ಮುಕರ್ರಂ ಪ್ರಿಂಟು ಹಾಕಿ, ಒಣಗಿಸಿ, ಸುತ್ತಿ ಇಟ್ಟ. ಫ್ಲೆಕ್ಸ್ ಅಂಗಡಿಯವರು ಫ್ಲೆಕ್ಸ್ ಓದುವುದಿಲ್ಲ. ಅವನು ನೋಡುವುದು ಬಣ್ಣ ಸರಿಯಾಗಿ ಬಿತ್ತೇ, ಗೆರೆ ಬಂತೇ ಎಂದಷ್ಟೇ.

ಬೀಗರೂಟ ನಮ್ಮ ಭಾರತೀನಗರದ ಛತ್ರದಲ್ಲೇ ಇತ್ತು. ಮದುಮಗಳ ರವಿಕೆ ಹೊಲಿದವಳೆಂದು ನನ್ನನ್ನೂ ಕರೆದಿದ್ದರು; ಕರೆಯದಿದ್ದರೂ ಆ ಬಾಡಿನ ವಾಸನೆಗೆ ಹೋಗುತ್ತಿದ್ದೆ. ಸ್ವಾಮಿ ತನ್ನ ಟಗರುಗಳನ್ನೇ ಕೊಟ್ಟಿದ್ದ. ಬನಿಯನ್, ಲುಂಗಿಯಲ್ಲಿ ಹಿಂದುಗಡೆ ಒಲೆಗಳ ನಡುವೆ ನಿಂತು ಅಡುಗೆಯವರನ್ನು ಗದರಿಸುತ್ತಿದ್ದ. ಬಾಗಿಲಲ್ಲಿ ಮಾವನ ಬಲಗಡೆ ಯಾರು ನಿಲ್ಲಬೇಕು ಎಂಬ ಪ್ರಶ್ನೆಯೇ ಅವನ ತಲೆಗೆ ಬಂದಿರಲಿಲ್ಲ. ಅಲ್ಲಿ ಮಹದೇವು ನಿಂತಿದ್ದ. ಜರಿ ಪಂಚೆ, ಹೊಸ ಶರ್ಟು, ಹೆಗಲ ಮೇಲೆ ಶಲ್ಯ. ದೊಡ್ಡಸಿದ್ದಯ್ಯನವರು ಬೇಡ ಎಂದಿರಲಿಲ್ಲ, ಬಾ ಎಂದೂ ಇರಲಿಲ್ಲ. ಅವನೇ ಹೋಗಿ ನಿಂತಿದ್ದ. ಆ ಶರ್ಟು ನಾನೇ ಹೊಲಿದಿದ್ದರೆ, ಆ ಹೊತ್ತಿನಲ್ಲಿ ಉಬ್ಬಿದ್ದ ಅವನ ಎದೆಗೆ ಅಳತೆ ಬದಲಾಯಿಸಬೇಕಾಗುತ್ತಿತ್ತು.

ಫ್ಲೆಕ್ಸನ್ನು ಛತ್ರದ ಮಹಡಿಯಿಂದ ಇಳಿಬಿಟ್ಟಿದ್ದರು. ಅಷ್ಟುದ್ದದ್ದನ್ನು ಬೇರೆ ಹೇಗೆ ಕಟ್ಟುವುದು? ತಲೆಬರಹ, ಸ್ವಾಮಿ, ಮಾವ, ಟಗರು, ಮೂಲವ್ಯಾಧಿ ಎಲ್ಲ ಮೇಲೆ ಪಾರಿವಾಳಗಳ ಹತ್ತಿರ ಹೋಗಿ ಸೇರಿದ್ದವು. ಕತ್ತೆತ್ತಿದರೆ ಬಿಸಿಲು ಕಣ್ಣಿಗೆ ಹೊಡೆದು ಏನೂ ಕಾಣುತ್ತಿರಲಿಲ್ಲ. ಸರಿಯಾಗಿ ಕಾಣುತ್ತಿದ್ದದ್ದು ಬಾಗಿಲ ಪಕ್ಕ ಮನುಷ್ಯನ ಕಣ್ಣಿನ ಮಟ್ಟದಲ್ಲಿದ್ದ ತಳ ಮಾತ್ರ. ಬೀಗರ ದಾರಿ ನೋಡುತ್ತ ನಿಂತ ಮಹದೇವು ಅದಕ್ಕೆ ಬೆನ್ನು ಹಾಕಿದ್ದ.

ಮದ್ದೂರಿನ ಬೀಗರು ಬಸ್ಸಿನಿಂದ ಇಳಿದು ಬಂದರು. ಮುಂದೆ ಬಂದವರು ಗಂಡಿನ ದೊಡ್ಡಪ್ಪ, ರಿಟೈರಾದ ಬಸ್ ಕಂಡಕ್ಟರು. ಊರಿನ ಹೆಸರು ಕೂಗಿ ಕೂಗಿ ಪಳಗಿದ ಗಂಟಲು. ಕೈ ಮುಗಿದು ಬಾಗಿಲಿಗೆ ಬಂದವರು, ಬೋರ್ಡು ಕಂಡರೆ ಓದದೆ ಇರಲಾರದ ಅಭ್ಯಾಸವಿರಬೇಕು, ಅಲ್ಲೇ ನಿಂತರು.

"ಇದೇನು, ನಮ್ ಬೀಗ್ರ ಅಳಿಯಂದ್ರ ಪಟ ಇಲ್ಲಿ ಪುಟಾಣಿಯಾಗಿ ಹಾಕವ್ರೆ. ಮಹದೇವು... ನಿಮ್ಮ ಅನಿಸಿಕೆ ಬರೆಯಿರಿ..." ಎಂದು ಶುರು ಮಾಡಿ, ತಡೆಯುವಷ್ಟರಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದರು.

"ಸ್ವಾಮಿ ಮಗನಂತೆ. ಕುರಿ ಸಾಕಿದವರೆಲ್ಲ ಮಕ್ಕಳಾಗುವುದಾದರೆ ಬಂಡೂರಿನ ತುಂಬ ಇವರ ಮಕ್ಕಳೇ. ಈ ಮನೆಗೆ ಮೊದಲು ಬಂದ ಅಳಿಯ ನಾನು. ಬೋರ್‌ವೆಲ್ ಮೋಟರು ಸುಟ್ಟಾಗ ಜನ ಕರೆಸಿದ್ದು ನಾನು. ಅತ್ತೆಯ ಕಣ್ಣಿನ ಆಪರೇಷನ್ ಮಾಡಿಸಿದ್ದು ನಾನು. ಮಾವನಿಗೆ ಜ್ವರ ಬಂದು ಮಂಡ್ಯ ಆಸ್ಪತ್ರೆಗೆ ಸೇರಿಸಿದಾಗ ನೋಡಿಕೊಂಡಿದ್ದು ನಾನು. ಫೋಟೊ ತೆಗೆಯುವಾಗ ಮಾತ್ರ ಅವನು. ಅವನು ಮಗನಾದರೆ ನಾನು ಯಾರು? ನನ್ನನ್ನು..."

ಅವರು ನಿಲ್ಲಿಸಿದರು. ಬಗ್ಗಿ ಫ್ಲೆಕ್ಸಿನ ಅಂಚು ಎತ್ತಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. "ನನ್ನನ್ನು ಅಂತ ಅದೆ, ಮುಂದುಕ್ಕಿಲ್ಲ. ನಿಮ್ಮನ್ನ ಏನ್ ಮಾಡುದ್ರು ಮಾದೇವಪ್ನೋರೆ?"

ಬೀಗರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಹದೇವುವಿನ ಮುಖ ನೋಡಲಾಗಲಿಲ್ಲ. ಅವನಿಗೆ ಓಡಿಹೋಗುವುದಕ್ಕೂ ದಾರಿಯಿರಲಿಲ್ಲ. ಮುಂದೆ ಬೀಗರು, ಹಿಂದೆ ಮನೆಯವರು. ಶಲ್ಯದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದ. ಇಷ್ಟು ದಿನ ಅವನ ಹೊಟ್ಟೆಕಿಚ್ಚನ್ನು ಆಡಿಕೊಂಡು ನಕ್ಕ ನನಗೇ ಅಯ್ಯೋ ಅನ್ನಿಸಿತು.

ಗದ್ದಲ ಕೇಳಿ ಸ್ವಾಮಿ ಸೌಟು ಹಿಡಿದುಕೊಂಡೇ ಓಡಿ ಬಂದ. ತಾನೇ ಅದನ್ನೊಮ್ಮೆ ತುಟಿ ಅಲ್ಲಾಡಿಸುತ್ತ ಓದಿದ.

"ಅಣ್ಣ, ಇದ್ನ ನಂಗೊಂದ್ ಮಾತು ಯೋಳುದ್ರೆ ಆಗ್ತಿರ್ನಿಲ್ವ? ಆ ಪಟ ತೆಗೆಯುವಾಗ ನಿಮ್ಮನ್ನೂ ಕರುಸ್ತಿದ್ನಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಮಹದೇವು ಉಳಿದುಕೊಳ್ಳುತ್ತಿದ್ದ.

ದೊಡ್ಡಸಿದ್ದಯ್ಯನವರು ಒರಟರೇ ಹೊರತು ಕೆಟ್ಟವರಲ್ಲ. ಬೀಗರ ಮುಂದೆ ಮಾತು ಬೆಳೆಯಬಾರದೆಂದೋ, ನಿಜವಾಗಿ ಕರುಳು ಚುರುಕ್ ಎಂದಿತೋ, ಮಹದೇವುವಿನ ಭುಜದ ಮೇಲೆ ಕೈಯಿಟ್ಟರು. "ಆಯ್ತು ಬುಡಪ್ಪ. ನೀನೂ ನನ್ ಮಗನೇ. ಇಬ್ರೂ ಮಕ್ಳೇ. ಏನೀಗ?"

ಬೀಗರು ತಲೆಯಾಡಿಸಿದರು. ಕಂಡಕ್ಟರು, "ಇಬ್ರು ಗಂಡುಮಕ್ಳು ಅಂದ್ರೆ ಪುಣ್ಯವಂತ್ರು ನೀವು" ಎಂದರು. ಮಹದೇವುವಿನ ಕಣ್ಣಲ್ಲಿ ನೀರು ಬಂತು. ಎಷ್ಟು ವರ್ಷದಿಂದ ಬೇಕೆಂದಿದ್ದ ಮಾತೋ ಅದು, ಅವಮಾನದ ಬೆನ್ನಿಗೇ ಬಂದು ಕೈಗೆ ಸಿಕ್ಕಿತ್ತು.

ಆಗ ಶೋಭಿತಾ ಬಾಗಿಲ ಒಳಗಿಂದ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಬಂದಳು. ಬಂದವರನ್ನು ಕೂರಿಸಲು ಬಂದಿದ್ದಾಳೆ ಎಂದುಕೊಂಡೆ. ಅವಳು ನೇರ ಗಂಡನ ಮುಂದೆ ಬಂದು ನಿಂತಳು.

"ಅತ್ತೆ ಕಣ್ಣಾಪರೇಸನ್ ಮಾಡ್ಸುದ್ದು ನಾನು ಅಂತ ಬರ್ದಿದ್ದೀರಲ್ಲ. ಯಾವ್ ಕಣ್ಣು?"

"ಏನು?" ಎಂದ ಮಹದೇವು.

"ಹೋದ್ ವರ್ಸ ಆಪರೇಸನ್ ಆಯ್ತಲ್ಲ, ಅಮ್ಮುಂದು. ಯಾವ್ ಕಣ್ಣು?"

ಮಹದೇವು ಅತ್ತೆ ಎಲ್ಲಿದ್ದಾರೆ ಎಂದು ಸುತ್ತ ನೋಡಿದ. "ಬಲಗಣ್ಣು" ಎಂದ.

ಶೋಭಿತಾ ಅಪ್ಪನ ಕಡೆ ತಿರುಗಿದಳು. "ನೀನ್ ಯೋಳಪ್ಪ."

ದೊಡ್ಡಸಿದ್ದಯ್ಯ ಮೀಸೆ ಸವರಿಕೊಂಡರು. "ಬಲಗಣ್ಣೇ ಅಲ್ವ? ಊಂ. ಬಲಗಣ್ಣೇ."

ಸ್ವಾಮಿಯ ಸೌಟಿನಿಂದ ಸಾರು ಅವನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

ಹೆಂಗಸರ ಗುಂಪಿನ ಹಿಂದಿನಿಂದ ಚಲುವಮ್ಮನವರು, ಶೋಭಿತಾಳ ತಾಯಿ, ಮೆಲ್ಲಗೆ ಹೇಳಿದರು. "ಎಡಗಣ್ಣು ಕಣ್ರಪ್ಪ."

"ಡಾಕ್ಟ್ರತ್ರ ಕರ್ಕಂಡೋದೋಳು ನಾನು" ಎಂದಳು ಶೋಭಿತಾ. "ಕಣ್ಗೆ ದಿನಾ ಮದ್ ಬುಟ್ಟೋಳು ನಾನು. ಅಪ್ಪಂಗೆ ಜ್ವರ ಬಂದಾಗ ಮಂಡ್ಯ ಆಸ್ಪತ್ರೇಲಿ ನೆಲದ್ಮೇಲೆ ಮಲಗಿದ್ದೋಳು ನಾನು. ಇವ್ರು ಬಂದು ಎಳ್ನೀರ್ ಕೊಟ್ಟು ಅಂಗಡೀಗ್ ಓದ್ರು. ಗಂಡುಮಕ್ಳಿಲ್ಲ ಗಂಡುಮಕ್ಳಿಲ್ಲ ಅಂತ ಕೊರಗ್ದಲ್ಲಪ್ಪ, ಪೇಪರ್ನೋರ್ ಮುಂದೆ ನನ್ನೆಸ್ರು ನಿನ್ ಬಾಯಿಗ್ ಬರ್ನಿಲ್ವ? ನಂಗೂ ಉರೀತದೆ. ಇವ್ರಂಗೆ ಬರ್ಯಕ್ಕೆ ಬರಲ್ಲ, ಅಷ್ಟೇಯ."

ದೊಡ್ಡಸಿದ್ದಯ್ಯ, "ನೀನು ಎಣ್ಮಗ್ಳು ಕಣವ್ವ..." ಎಂದು ಶುರು ಮಾಡಿದರು.

"ಅದೇ ಕಣಪ್ಪ ನಾನ್ ಯೋಳ್ತಿರದು" ಎಂದಳು ಅವಳು. ಆಮೇಲೆ ಗಂಡನಿಗೆ, "ವಸಿ ಸರ್ಕಳಿ, ಬೀಗ್ರು ಬಿಸ್ಲಲ್ ನಿಂತವ್ರೆ" ಎಂದಳು.

ಮಹದೇವು ಸರಿದ. ಶೋಭಿತಾ ಅಪ್ಪನ ಬಲಗಡೆ ನಿಂತು, ತಟ್ಟೆ ಮುಂದೆ ಹಿಡಿದು, ಬನ್ನಿ ಬನ್ನಿ ಎಂದು ಬೀಗರನ್ನು ಒಬ್ಬೊಬ್ಬರನ್ನಾಗಿ ಕರೆಯತೊಡಗಿದಳು. ಕಂಡಕ್ಟರು ಎರಡೂ ಕೈ ಮುಗಿದು ಎಲೆ ಅಡಿಕೆ ತೆಗೆದುಕೊಂಡರು. ದೊಡ್ಡಸಿದ್ದಯ್ಯ ಮಗಳ ಕಡೆ ಒಂದು ಸಲ ನೋಡಿ, ತಾವೂ ಕೈ ಮುಗಿದರು.

ಮಹದೇವು ಕಂಬಕ್ಕೆ ಒರಗಿ ಹೆಂಡತಿಯನ್ನೇ ನೋಡುತ್ತಿದ್ದ. ಅದು ನಾಚಿಕೆಯಲ್ಲ, ಪಶ್ಚಾತ್ತಾಪವೂ ಅಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅಷ್ಟು ವರ್ಷವೂ ಅವನು ಸ್ವಾಮಿಯನ್ನು ಹಾಗೇ ನೋಡಿದ್ದ.